ಒಂದೇ ವಿಮಾನ, ಮೂವರು, ನಾಲ್ಕು ಪಾಲಿಸಿ: ವಿದೇಶದಲ್ಲಿ ಸಣ್ಣ ವಿಮಾನ ಹಾರಿಸಿದವರ ವಿಮೆಯ ಒಂದು ಪ್ರಕರಣ

ಸಣ್ಣ ವಿಮಾನಗಳ ಅಪಘಾತ ಆದಮೇಲೆ ವಿಮೆಯ ಕಾಗದಪತ್ರ ಜೋಡಿಸಿಕೊಡುವುದು, ಕ್ಲೇಮು ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುವುದು ನನ್ನ ಕೆಲಸ. ಇಲ್ಲಿರುವ ಪ್ರಕರಣವನ್ನು ಅದರಲ್ಲಿದ್ದ ಮೂವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ವರ್ಷ, ಏರ್‌ಪೋರ್ಟ್, ವಿಮಾ ಕಂಪನಿ ಯಾವುದನ್ನೂ ಹೇಳಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿರ್ಧಾರಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ, ಏಕೆಂದರೆ ವಿದೇಶಕ್ಕೆ ಹೋಗಿ ವಿಮಾನ ಹಾರಿಸುವವರಿಗೂ ಅವರ ಪಕ್ಕದಲ್ಲಿ ಕೂರುವವರಿಗೂ ಉಪಯೋಗಕ್ಕೆ ಬರುವುದು ಅವೇ.

ಹಿನ್ನೆಲೆ

ವಿಮಾನ ಹಾರಿಸಿದವರು ಖಾಸಗಿ ಪೈಲಟ್ ಪರವಾನಗಿ ಇರುವ ಮಹಿಳೆ. ಹಾರಾಟ ಅವರ ಹವ್ಯಾಸ, ವೃತ್ತಿ ಅಲ್ಲ. ಜೊತೆಗಿದ್ದವರು ಇಬ್ಬರು. ಮುಂದಿನ ಸೀಟಿನಲ್ಲಿ ಅವರ ಅಣ್ಣ, ಹಿಂದೆ ಕಾಲೇಜು ದಿನಗಳ ಗೆಳತಿ. ಮೂವರೂ ಬೇರೆ ದೇಶದಿಂದ ಅಮೆರಿಕಕ್ಕೆ ರಜೆಗೆಂದು ಹೋದವರು. ನೈಋತ್ಯ ಭಾಗದ ಕೆಂಪು ಬಂಡೆಗಳ ಸೀಮೆಯನ್ನು ಆಕಾಶದಿಂದ ನೋಡಬೇಕೆಂಬುದು ತಂಗಿಯ ಬಹುಕಾಲದ ಆಸೆ. ಫ್ಲೈಯಿಂಗ್ ಸ್ಕೂಲ್ ಒಂದರಿಂದ ನಾಲ್ಕು ಸೀಟಿನ ಸೆಸ್ನಾ 172 ವಿಮಾನವನ್ನು ಬಾಡಿಗೆಗೆ ಪಡೆಯುವುದೆಂದು ಗೊತ್ತಾಯಿತು.

ಪರವಾನಗಿಯ ಮಟ್ಟಿಗೆ ಅವರ ಸಿದ್ಧತೆ ಅಚ್ಚುಕಟ್ಟು. ಬೇರೆ ದೇಶದ ಪರವಾನಗಿಯ ಆಧಾರದ ಮೇಲೆ ಅಮೆರಿಕದ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ, ತನ್ನದೇ ಖಾಸಗಿ ಪೈಲಟ್ ಪ್ರಮಾಣಪತ್ರ ಕೊಡುತ್ತದೆ. ಅದಕ್ಕೆ ಮೂಲ ದೇಶದ ಪ್ರಾಧಿಕಾರ ಪರವಾನಗಿಯನ್ನು ದೃಢಪಡಿಸಬೇಕು. ಆಮೇಲೆ ಎಫ್‌ಎಎ ಕಚೇರಿಗೆ ಖುದ್ದಾಗಿ ಹೋಗಿ ಪ್ರಮಾಣಪತ್ರ ಪಡೆಯಬೇಕು. ಅದು ಕೈಗೆ ಬಂದ ಮಾತ್ರಕ್ಕೆ ಹಾರುವ ಹಾಗಿಲ್ಲ, ಬೋಧಕರೊಬ್ಬರ ಜೊತೆ ಫ್ಲೈಟ್ ರಿವ್ಯೂ, ಅಂದರೆ ಹಾರಾಟದ ಜ್ಞಾನ ಮತ್ತು ಕೌಶಲದ ಪರಿಶೀಲನೆ, ಮುಗಿಸಿ ಲಾಗ್‌ಬುಕ್‌ನಲ್ಲಿ ಸಹಿ ಹಾಕಿಸಿಕೊಳ್ಳಬೇಕು. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿ ಮೂರು ಸಲ ಇಳಿದಿರಬೇಕು. ಇವೆಲ್ಲ ಆಗಿತ್ತು. ಪ್ರತಿಯೊಂದಕ್ಕೂ ಕಾಗದ ಇತ್ತು.

ವಿಮೆಯ ವಿಷಯದಲ್ಲಿ ಮಾತ್ರ ಮೂವರೂ ತಮಗೆ ತೋಚಿದ ದಾರಿ ಹಿಡಿದರು.

ಅಣ್ಣ ವಿಮಾನದ ಟಿಕೆಟ್ ಕೊಳ್ಳುವಾಗ ಅದೇ ಪುಟದಲ್ಲಿ ಕಾಣಿಸಿದ ಪ್ರವಾಸ ವಿಮೆಗೆ ಒಂದು ಗುರುತು ಒತ್ತಿದರು. ಪಾಲಿಸಿಯ ಪೂರ್ಣ ಪಾಠವನ್ನು ತೆರೆದು ನೋಡಲಿಲ್ಲ.

ತಂಗಿ, ಅಂದರೆ ಪೈಲಟ್, ಪ್ರವಾಸ ವಿಮೆ ಮಾರುವವರಿಗೆ ಫೋನ್ ಮಾಡಿ, ‘ನಾನು ಅಲ್ಲಿ ಸಣ್ಣ ವಿಮಾನ ಹಾರಿಸುತ್ತೇನೆ, ವಿಮೆ ಸಿಗುತ್ತದೆಯೇ’ ಎಂದು ಕೇಳಿದರು. ಸಾಹಸ ಕ್ರೀಡೆಗಳ ಪ್ಯಾಕ್ ಸೇರಿಸಿಕೊಂಡರೆ ಸಾಕು ಎಂಬ ಉತ್ತರ ಬಂತು. ಸೇರಿಸಿಕೊಂಡರು. ಇದರ ಜೊತೆಗೆ ಫ್ಲೈಯಿಂಗ್ ಸ್ಕೂಲ್‌ನ ಬೋಧಕರು ಇನ್ನೊಂದು ಮಾತು ಹೇಳಿದ್ದರು: ‘ನಮ್ಮ ವಿಮೆ ನಮ್ಮ ವಿಮಾನವನ್ನು ಕಾಯುತ್ತದೆ, ನಿಮ್ಮನ್ನಲ್ಲ.’ ಆ ಮಾತನ್ನು ಅವರು ಗಂಭೀರವಾಗಿ ತೆಗೆದುಕೊಂಡರು. ಬಾಡಿಗೆ ವಿಮಾನ ಹಾರಿಸುವ ಪೈಲಟ್‌ಗಳಿಗೆಂದೇ ಅಲ್ಲಿ ಸಿಗುವ ರೆಂಟರ್ಸ್ ಪಾಲಿಸಿಯನ್ನು ಬೇರೆಯಾಗಿ ಕೊಂಡರು. ಇದು ಪ್ರವಾಸ ವಿಮೆ ಅಲ್ಲ. ಪೈಲಟ್‌ನ ತಪ್ಪಿನಿಂದ ಬೇರೆಯವರಿಗೆ ಪೆಟ್ಟಾದರೆ, ಆಸ್ತಿ ಹಾಳಾದರೆ, ಬಾಡಿಗೆ ವಿಮಾನಕ್ಕೇ ಹಾನಿಯಾದರೆ ಬರುವ ಹೊಣೆಯನ್ನು ಹೊರುವ ವಿಮೆ. ಅಮೆರಿಕದಲ್ಲಿ ಈ ಪಾಲಿಸಿಗಳು ಸಾಮಾನ್ಯವಾಗಿ ಇಡೀ ಘಟನೆಗೆ ಒಂದು ದೊಡ್ಡ ಮಿತಿ, ಒಬ್ಬ ಪ್ರಯಾಣಿಕರಿಗೆ ಒಂದು ಸಣ್ಣ ಮಿತಿ ಇಟ್ಟಿರುತ್ತವೆ. ಇವರದರಲ್ಲಿ ಪ್ರತಿ ಪ್ರಯಾಣಿಕರ ಮಿತಿ 1,00,000 ಡಾಲರ್. ಅದರ ಮೇಲೆ, ತಪ್ಪು ಯಾರದೆಂಬ ಪ್ರಶ್ನೆಯಿಲ್ಲದೆ ಪ್ರಯಾಣಿಕರ ಚಿಕಿತ್ಸೆಗೆ ತಲಾ 5,000 ಡಾಲರ್ ಕೊಡುವ ಸಣ್ಣ ಭಾಗವೊಂದಿತ್ತು. ಅದರ ಪಕ್ಕದಲ್ಲೇ ‘ಚಾಲಕ ಸಿಬ್ಬಂದಿಯನ್ನು ಬಿಟ್ಟು’ ಎಂದು ಬರೆದಿತ್ತು.

ಗೆಳತಿ ಮಾಡಿದ್ದು ಬೇರೆಯೇ. ಪ್ರೀಮಿಯಂ ಕಟ್ಟುವ ಮೊದಲು ವಿಮಾ ಕಂಪನಿಗೆ ಒಂದು ಇಮೇಲ್ ಬರೆದರು. ಅದರ ಸಾರವನ್ನು ಇಲ್ಲಿ ಕೊಡಲೇಬೇಕು: ‘ನಾನು ನಾಲ್ಕು ಸೀಟಿನ, ಒಂದೇ ಎಂಜಿನ್ ಇರುವ ಬಾಡಿಗೆ ವಿಮಾನದಲ್ಲಿ ಪ್ರಯಾಣಿಕಳಾಗಿ ಕೂರುತ್ತೇನೆ. ಹಾರಿಸುವವರು ಖಾಸಗಿ ಪರವಾನಗಿಯ ಪೈಲಟ್, ನನ್ನ ಸ್ನೇಹಿತೆ. ಇದು ವಿಮಾನಯಾನ ಸಂಸ್ಥೆಯ ಹಾರಾಟ ಅಲ್ಲ. ನಾನು ಟಿಕೆಟ್ ದರ ಕೊಡುವುದಿಲ್ಲ, ಬಾಡಿಗೆ ಮತ್ತು ಇಂಧನದಲ್ಲಿ ನನ್ನ ಪಾಲು ಕೊಡುತ್ತೇನೆ. ಅಪಘಾತವಾದರೆ ಚಿಕಿತ್ಸೆ, ಊರಿಗೆ ಮರಳಿ ಕರೆತರುವ ವೆಚ್ಚ, ವೈಯಕ್ತಿಕ ಅಪಘಾತ ಪರಿಹಾರ, ನನ್ನಿಂದ ಮೂರನೆಯವರಿಗೆ ಆಗುವ ಹಾನಿಯ ಹೊಣೆ, ಈ ನಾಲ್ಕರಲ್ಲಿ ಯಾವುದು ನನಗೆ ಸಿಗುತ್ತದೆ, ಯಾವುದು ಇಲ್ಲ?’

ಉತ್ತರ ಬರಲು ಕೆಲವು ದಿನ ಹಿಡಿಯಿತು. ಸಾಹಸ ಪ್ಯಾಕ್ ಕೊಂಡರೆ ಮೊದಲಿನ ಎರಡು ಸಿಗುತ್ತವೆ, ಕೊನೆಯ ಎರಡು ಇಲ್ಲ ಎಂದು ಅವರು ಸ್ಪಷ್ಟವಾಗಿ ಬರೆದಿದ್ದರು. ಗೆಳತಿ ಪ್ಯಾಕ್ ಕೊಂಡು, ಆ ಇಮೇಲನ್ನು ಪಾಲಿಸಿಯ ಜೊತೆಗೇ ಉಳಿಸಿಟ್ಟುಕೊಂಡರು.

ಅಪಘಾತ

ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದ ಸಣ್ಣ ಏರ್‌ಪೋರ್ಟ್. ಮಧ್ಯಾಹ್ನದ ಬಿಸಿಲು, 32 ಡಿಗ್ರಿ ಸೆಲ್ಸಿಯಸ್. ಆ ಎತ್ತರದಲ್ಲಿ ಪ್ರಮಾಣಿತ ವಾತಾವರಣದ ಲೆಕ್ಕಕ್ಕೆ ಇರಬೇಕಾದ ಉಷ್ಣತೆ ಸುಮಾರು 6 ಡಿಗ್ರಿ. ಅದಕ್ಕಿಂತ ಹೆಚ್ಚಾಗುವ ಪ್ರತಿ ಡಿಗ್ರಿಗೆ ಸುಮಾರು 120 ಅಡಿಯಷ್ಟು ಗಾಳಿ ತೆಳುವಾಗುತ್ತದೆ. ಹೀಗಾಗಿ ವಿಮಾನದ ಪಾಲಿಗೆ ಅದು 7,600 ಅಡಿ ಎತ್ತರದ ರನ್‌ವೇ ಇದ್ದಂತೆ. ಮೀಟರಿನಲ್ಲಿ ಕಾಣುವ ವೇಗ ಎಂದಿನದೇ ಆಗಿದ್ದರೂ ನೆಲದ ಮೇಲಿನ ವೇಗ ನೂರಕ್ಕೆ ಹನ್ನೆರಡರಷ್ಟು ಹೆಚ್ಚಿರುತ್ತದೆ. ತಗ್ಗಿನ ಊರುಗಳಲ್ಲಿ ಹಾರಿಸಿ ರೂಢಿಯಾದವರಿಗೆ ರನ್‌ವೇ ತಮ್ಮತ್ತ ಓಡಿ ಬಂದಂತೆ ಕಾಣುತ್ತದೆ.

ಇಳಿಯುವಾಗ ವಿಮಾನ ಒಮ್ಮೆ ನೆಲಕ್ಕೆ ಬಡಿದು ಪುಟಿಯಿತು. ಎರಡನೆಯ ಸಲ ಮೂಗಿನ ಚಕ್ರ ಮೊದಲು ತಾಗಿ ಅದರ ಕಾಲು ಮುರಿಯಿತು. ಪ್ರೊಪೆಲ್ಲರ್ ನೆಲಕ್ಕೆ ಹೊಡೆದು, ವಿಮಾನ ರನ್‌ವೇ ಬಿಟ್ಟು ಪಕ್ಕದ ಮಣ್ಣಿಗೆ ಇಳಿದು ನಿಂತಿತು. ಬೆಂಕಿ ಹೊತ್ತಿಕೊಳ್ಳಲಿಲ್ಲ. ಅಣ್ಣನ ಸೊಂಟದ ಬೆನ್ನುಮೂಳೆಯಲ್ಲಿ ಬಿರುಕು, ಗೆಳತಿಯ ಮಣಿಕಟ್ಟಿನ ಮೂಳೆ ಮುರಿತ, ಪೈಲಟ್‌ನ ಹಣೆಗೆ ಗಾಯ ಮತ್ತು ತಲೆಯ ಸ್ಕ್ಯಾನ್. ಆಂಬುಲೆನ್ಸ್ ಬಂದು ಮೂವರನ್ನೂ ಒಂದೇ ಆಸ್ಪತ್ರೆಗೆ ಒಯ್ದಿತು. ಅಮೆರಿಕದ 1986ರ ಕಾನೂನಿನ ಪ್ರಕಾರ ಆಸ್ಪತ್ರೆಯ ತುರ್ತು ವಿಭಾಗ ಹಣ ಕೊಡುವ ಶಕ್ತಿ ಇದೆಯೇ ಎಂದು ನೋಡದೆ ಪರೀಕ್ಷಿಸಿ, ಪ್ರಾಣಾಪಾಯ ತಪ್ಪಿಸಲೇಬೇಕು. ಆದರೆ ಬಿಲ್ ಬರದೆ ಇರುವುದಿಲ್ಲ.

ಸಮಸ್ಯೆ

ಆ ರಾತ್ರಿಯೇ ಮೂವರೂ ತಮ್ಮ ತಮ್ಮ ಪ್ರವಾಸ ವಿಮೆಯ ಸಹಾಯವಾಣಿಗೆ ಫೋನ್ ಮಾಡಿದರು. ಅಣ್ಣನಿಗೆ ಸಿಕ್ಕ ಉತ್ತರ ಸಮಾಧಾನದ್ದೇ: ‘ಚಿಕಿತ್ಸೆ ಶುರುಮಾಡಿಸಿ, ನಾವು ಫೈಲ್ ತೆರೆದಿದ್ದೇವೆ.’ ಫೈಲ್ ತೆರೆಯುವುದೆಂದರೆ ಹಣ ಕೊಡಲು ಒಪ್ಪಿದಂತಲ್ಲ. ಆಸ್ಪತ್ರೆಗೆ ಬೇಕಾಗಿದ್ದದ್ದು ಕಂಪನಿಯ ಲಿಖಿತ ಪಾವತಿ ಭರವಸೆ. ಅದು ಬರಲಿಲ್ಲ. ಕೆಲವು ದಿನಗಳ ನಂತರ ತಿರಸ್ಕಾರದ ಪತ್ರ ಬಂತು.

ಅವರ ಪಾಲಿಸಿಯ ಸಾಮಾನ್ಯ ಎಕ್ಸ್‌ಕ್ಲೂಷನ್‌ಗಳಲ್ಲಿ, ಅಂದರೆ ವಿಮೆ ಅನ್ವಯಿಸದ ಸಂದರ್ಭಗಳ ಪಟ್ಟಿಯಲ್ಲಿ, ಒಂದು ಸಾಲಿತ್ತು. ಪರವಾನಗಿ ಪಡೆದ ವಿಮಾನಯಾನ ಸಂಸ್ಥೆಯ ವಿಮಾನದಲ್ಲಿ ದರ ಕೊಟ್ಟ ಪ್ರಯಾಣಿಕರಾಗಿ ಹೋಗುವುದನ್ನು ಬಿಟ್ಟು ಬೇರೆ ಯಾವುದೇ ಹಾರಾಟದಿಂದ ಆದ ನಷ್ಟಕ್ಕೆ ವಿಮೆ ಇಲ್ಲ. ಪ್ರವಾಸ ವಿಮೆಗಳಲ್ಲಿ ಇದು ಬಹಳ ಹಳೆಯ, ಬಹಳ ವ್ಯಾಪಕವಾದ ಷರತ್ತು. ಜಮೀನು ನೋಡಲು ಸ್ನೇಹಿತರ ವಿಮಾನ ಹತ್ತಿದರೂ, ಕ್ಲಬ್ಬಿನಲ್ಲಿ ಒಂದು ಸುತ್ತು ಹೋದರೂ ಇದರಡಿ ಬೀಳುತ್ತದೆ. ಪಾಲಿಸಿಯ ಎಲ್ಲ ಭಾಗಗಳಿಗೂ ಅನ್ವಯಿಸುವ ಕಡೆ ಈ ಸಾಲು ಕೂತಿದ್ದರಿಂದ ಚಿಕಿತ್ಸೆಯ ಜೊತೆ ಮುಂದೂಡಿದ ಮರಳಿ ಪ್ರಯಾಣದ ಟಿಕೆಟ್ ವೆಚ್ಚವೂ ಹೋಯಿತು.

ಪೈಲಟ್‌ನ ಪ್ರವಾಸ ವಿಮೆಯೂ ಕೈಬಿಟ್ಟಿತು. ಸಾಹಸ ಪ್ಯಾಕ್‌ನ ಪಟ್ಟಿಯಲ್ಲಿ ‘ಸಣ್ಣ ವಿಮಾನ’ ಎಂದು ಇತ್ತು ನಿಜ, ಪಕ್ಕದಲ್ಲಿ ‘ಪ್ರಯಾಣಿಕರಾಗಿ ಮಾತ್ರ’ ಎಂದೂ ಇತ್ತು. ಫೋನ್ ಸಂಭಾಷಣೆಯ ಧ್ವನಿಮುದ್ರಣ ತರಿಸಿಕೇಳಿದೆವು. ಮಾರಾಟದವರು ಹೇಳಿದ್ದು ‘ಫ್ಲೈಯಿಂಗ್ ಇದರಲ್ಲಿ ಸೇರಿದೆ’ ಎಂದಷ್ಟೇ. ಹಾರಿಸುವವರು ನೀವೇ ಎಂಬುದು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ ಧ್ವನಿಮುದ್ರಣದಿಂದ ತೀರ್ಮಾನಿಸಲಾಗಲಿಲ್ಲ. ಲೈನು ಕೆಟ್ಟಿದ್ದ ಜಾಗದಲ್ಲೇ ಆ ವಾಕ್ಯ ಇತ್ತು. ರೆಂಟರ್ಸ್ ಪಾಲಿಸಿಯ ಚಿಕಿತ್ಸಾ ಭಾಗವೂ ಪೈಲಟ್‌ಗೆ ಸಿಗುವಂತಿರಲಿಲ್ಲ, ಏಕೆಂದರೆ ಅದು ಚಾಲಕ ಸಿಬ್ಬಂದಿಯನ್ನು ಬಿಟ್ಟ ರೂಪ. ಚಾಲಕರನ್ನೂ ಸೇರಿಸುವ ರೂಪವೂ ಈ ವಿಮೆಗಳಲ್ಲಿ ಇರುತ್ತದೆ, ಕೇಳಿ ಪಡೆಯಬೇಕು.

ಗೆಳತಿಯ ಕಂಪನಿ ಇಮೇಲಿನ ಪ್ರತಿ ನೋಡಿದ ಮೇಲೆ ಆಸ್ಪತ್ರೆಗೆ ಪಾವತಿ ಭರವಸೆ ಕಳುಹಿಸಿತು. ಆದರೆ ಒಂದು ಪ್ರಶ್ನೆ ಹಾಕಿತು: ಈ ಹಾರಾಟಕ್ಕೆ ಹಣ ಪಡೆಯಲಾಗಿತ್ತೇ?

ಇಲ್ಲಿಂದ ಪ್ರಕರಣದ ನಿಜವಾದ ಗಂಟು ಶುರು.

ಹಂಚಿಕೊಂಡ ಹಣ

ಅಣ್ಣ ಮತ್ತು ಗೆಳತಿ ತಮ್ಮ ಪಾಲನ್ನು ಪೈಲಟ್‌ಗೆ ಮೊಬೈಲ್ ಆ್ಯಪ್ ಮೂಲಕ ಕಳುಹಿಸಿದ್ದರು. ಗೆಳತಿ ಟಿಪ್ಪಣಿಯಲ್ಲಿ ‘ವಿಮಾನದ ಬಾಡಿಗೆಯಲ್ಲಿ ನನ್ನ ಮೂರನೇ ಒಂದು’ ಎಂದು ಬರೆದಿದ್ದರು. ಅಣ್ಣ ಸಲುಗೆಯಿಂದ ‘ನಿನ್ನ ವಿಮಾನದ ಟಿಕೆಟ್ ದುಡ್ಡು’ ಎಂದು ಬರೆದಿದ್ದರು.

ಅಮೆರಿಕದ ನಿಯಮ 61.113 ಖಾಸಗಿ ಪೈಲಟ್ ಹಣಕ್ಕಾಗಿ ಜನರನ್ನು ಸಾಗಿಸುವುದನ್ನು ನಿಷೇಧಿಸುತ್ತದೆ. ಖರ್ಚು ಹಂಚಿಕೊಳ್ಳಲು ಅವಕಾಶ ಇದೆ, ಆದರೆ ಪೈಲಟ್ ತನ್ನ ಸಮಪಾಲಿಗಿಂತ ಕಡಿಮೆ ಕೊಡುವಂತಿಲ್ಲ. ಹಂಚಿಕೊಳ್ಳಬಹುದಾದ ಖರ್ಚೂ ಇಂಧನ, ಆಯಿಲ್, ಏರ್‌ಪೋರ್ಟ್ ಶುಲ್ಕ, ವಿಮಾನದ ಬಾಡಿಗೆ ಇಷ್ಟೇ. ಯುರೋಪಿಯನ್ ಒಕ್ಕೂಟದ ನಿಯಮಗಳಲ್ಲೂ ಪೈಲಟ್ ಸೇರಿ ಆರು ಜನರವರೆಗೆ ನೇರ ಖರ್ಚನ್ನು ಹಂಚಿಕೊಳ್ಳಲು ಇಂಥದೇ ದಾರಿ ಇದೆ. ಈ ಗೆರೆ ದಾಟಿದರೆ ಅದು ಪರವಾನಗಿ ಇಲ್ಲದ ಬಾಡಿಗೆ ಸಾಗಣೆ. ರೆಂಟರ್ಸ್ ಪಾಲಿಸಿಯಲ್ಲಿಯೂ ವಾಣಿಜ್ಯ ಬಳಕೆಗೆ ವಿಮೆ ಇಲ್ಲವೆಂಬ ಷರತ್ತು ಇತ್ತು.

ಅಣ್ಣನಿಗೆ ಪರಿಚಯದವರೊಬ್ಬರು ಸಲಹೆ ಕೊಟ್ಟರು: ‘ನೀವು ದರ ಕೊಟ್ಟ ಪ್ರಯಾಣಿಕ ಅಂತ ಮೇಲ್ಮನವಿ ಹಾಕಿ. ಟಿಕೆಟ್ ದುಡ್ಡು ಅಂತ ಬರೆದದ್ದಕ್ಕೆ ಸಾಕ್ಷಿ ಇದೆಯಲ್ಲ.’ ಆಸ್ಪತ್ರೆಯ ಬಿಲ್ ಮುಂದಿಟ್ಟುಕೊಂಡು ಮಲಗಿದ್ದವರಿಗೆ ಅದು ಆಸರೆಯಂತೆ ಕಂಡದ್ದು ಸಹಜ. ಮೇಲ್ಮನವಿಯ ಕರಡು ಸಿದ್ಧವಾಗಿತ್ತು. ಅವರ ತಂಗಿ ಅದನ್ನು ನನಗೆ ಕಳುಹಿಸಿದ್ದು ಆ ಹಂತದಲ್ಲಿ.

ನಾನು ಎರಡು ಪಾಲಿಸಿಗಳನ್ನು ಪಕ್ಕಪಕ್ಕದಲ್ಲಿಟ್ಟು ಇಬ್ಬರ ಜೊತೆಗೂ ಮಾತಾಡಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಿತ್ತು ಸ್ಥಿತಿ. ಅಣ್ಣನ ಪ್ರವಾಸ ವಿಮೆಗೆ ಹಣ ಕೊಟ್ಟಿರಬೇಕು, ತಂಗಿಯ ರೆಂಟರ್ಸ್ ಪಾಲಿಸಿಗೆ ಹಣ ಪಡೆದಿರಬಾರದು. ‘ದರ ಕೊಟ್ಟೆ’ ಎಂದು ಬರೆದರೂ ಅಣ್ಣನ ಷರತ್ತಿನ ಅರ್ಧ ಮಾತ್ರ ತುಂಬುತ್ತಿತ್ತು. ಫ್ಲೈಯಿಂಗ್ ಸ್ಕೂಲ್‌ನಿಂದ ಬಾಡಿಗೆಗೆ ಪಡೆದ ವಿಮಾನ ಯಾವ ಕೋನದಿಂದ ನೋಡಿದರೂ ವಿಮಾನಯಾನ ಸಂಸ್ಥೆಯ ವಿಮಾನ ಆಗುವುದಿಲ್ಲ. ಅತ್ತ ತಂಗಿಯ ಹೊಣೆಗಾರಿಕೆ ವಿಮೆ ಮಾತ್ರ ಪೂರ್ತಿ ಮುರಿದುಬೀಳುತ್ತಿತ್ತು. ಗೆಳತಿಯ ಕ್ಲೇಮೂ ಅದರ ಜೊತೆ ಅಲ್ಲಾಡುತ್ತಿತ್ತು. ತಂಗಿಯ ಪರವಾನಗಿಗೂ ಕುತ್ತು ಬರಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅದು ನಿಜವಾಗಿರಲಿಲ್ಲ. ಅವರು ದರ ಕೊಟ್ಟಿರಲಿಲ್ಲ, ಪಾಲು ಕೊಟ್ಟಿದ್ದರು.

ಆ ಕರಡನ್ನು ಕಳುಹಿಸದೆ ಬಿಟ್ಟದ್ದು ಈ ಪ್ರಕರಣದ ಅತಿ ದೊಡ್ಡ ತಿರುವು ಎಂದು ನಾನು ನಂಬಿದ್ದೇನೆ. ಕ್ಲೇಮು ತಿರಸ್ಕೃತವಾದಾಗ ಜನ ತಮ್ಮ ಪಾಲಿಸಿಯನ್ನಷ್ಟೇ ನೋಡಿ ವಾದ ಹೆಣೆಯುತ್ತಾರೆ. ಒಂದೇ ಘಟನೆಯ ಬಗ್ಗೆ ಮೂರು ಕಂಪನಿಗಳಿಗೆ ಬರೆಯುವಾಗ ಆ ಮೂರೂ ಕಾಗದಗಳು ಒಂದು ದಿನ ಒಂದೇ ಮೇಜಿನ ಮೇಲೆ ಬರುತ್ತವೆ.

‘ಟಿಕೆಟ್ ದುಡ್ಡು’ ಎಂಬ ಟಿಪ್ಪಣಿಯನ್ನು ಮುಚ್ಚಿಡುವ ಪ್ರಶ್ನೆ ಬರಲಿಲ್ಲ. ಗೆಳತಿಯ ಕಂಪನಿಯೂ ರೆಂಟರ್ಸ್ ಪಾಲಿಸಿಯ ತನಿಖಾಧಿಕಾರಿಯೂ ಹಣದ ಬಗ್ಗೆ ಕೇಳಿದಾಗ ನಾವು ಎಲ್ಲವನ್ನೂ ಒಟ್ಟಿಗೆ ಕೊಟ್ಟೆವು: ಫ್ಲೈಯಿಂಗ್ ಸ್ಕೂಲ್‌ನ ಬಿಲ್ಲು, ಪೈಲಟ್ ತಮ್ಮ ಕಾರ್ಡಿನಿಂದ ಅದನ್ನು ಕಟ್ಟಿದ ದಾಖಲೆ, ಇಬ್ಬರಿಂದ ಬಂದ ಮೊತ್ತ, ಆಪ್‌ನ ಟಿಪ್ಪಣಿಗಳು ಇದ್ದ ಹಾಗೇ. ಬಿಲ್ಲನ್ನು ಮೂರರಿಂದ ಭಾಗಿಸಿದರೆ ಬರುವ ಮೊತ್ತವನ್ನೇ ಇಬ್ಬರೂ ಕಳುಹಿಸಿದ್ದರು, ಉಳಿದ ಮೂರನೇ ಒಂದು ಪೈಲಟ್‌ನದು. ಅಂಕಿಯ ಮುಂದೆ ಸಲುಗೆಯ ಮಾತು ನಿಲ್ಲಲಿಲ್ಲ. ಎರಡೂ ಕಂಪನಿಗಳು ಇದು ಖರ್ಚು ಹಂಚಿಕೆ ಎಂದು ಒಪ್ಪಿದವು. ಗೆಳತಿಯ ಶಸ್ತ್ರಚಿಕಿತ್ಸೆಯ ಹಣ ಸಂದಾಯವಾಯಿತು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಅವರು ಊರಿಗೆ ಮರಳಿದ ವೆಚ್ಚವೂ ಬಂತು.

ಅಣ್ಣನ ದಾರಿ

ಅಣ್ಣನಿಗೆ ಇನ್ನೂ ಏನೂ ಸಿಕ್ಕಿರಲಿಲ್ಲ. ಅವರ ಬಂಧುವೊಬ್ಬರು 1999ರ ಮಾಂಟ್ರಿಯಲ್ ಒಪ್ಪಂದದ ಮಾತೆತ್ತಿದ್ದರು. ಆ ಒಪ್ಪಂದ ಅಂತರರಾಷ್ಟ್ರೀಯ ಸಾಗಣೆಗೆ ಸಂಬಂಧಿಸಿದ್ದು. ಉಚಿತ ಸಾಗಣೆಯೂ ಅದರಡಿ ಬರುವುದು ಅದನ್ನು ವಾಯುಸಾರಿಗೆ ಸಂಸ್ಥೆ ಮಾಡಿದಾಗ ಮಾತ್ರ. ಒಂದೇ ದೇಶದೊಳಗೆ ಖಾಸಗಿ ಪೈಲಟ್ ಹಾರಿಸಿದ ವಿಮಾನಕ್ಕೆ ಅದು ಹೊಂದುವುದಿಲ್ಲ.

ಉಳಿದದ್ದು ತಂಗಿಯ ರೆಂಟರ್ಸ್ ಪಾಲಿಸಿ. ಅದರ ಚಿಕಿತ್ಸಾ ಭಾಗದಿಂದ 5,000 ಡಾಲರ್ ಬೇಗನೆ ಬಂತು. ಬೆನ್ನುಮೂಳೆಯ ಚಿಕಿತ್ಸೆಗೆ ಅದು ಯಾವ ಮೂಲೆಗೂ ಸಾಲದು. ದೊಡ್ಡ ಮೊತ್ತ ಇದ್ದದ್ದು ಪ್ರಯಾಣಿಕರ ಹೊಣೆಗಾರಿಕೆಯ ಭಾಗದಲ್ಲಿ. ಆದರೆ ಹೊಣೆಗಾರಿಕೆ ವಿಮೆ ತಾನಾಗಿ ಹಣ ಕೊಡುವುದಿಲ್ಲ. ಪೆಟ್ಟಾದವರು ಪೈಲಟ್‌ನ ಅಜಾಗರೂಕತೆಯಿಂದ ತಮಗೆ ನಷ್ಟವಾಯಿತೆಂದು ಹಕ್ಕು ಸಾಧಿಸಬೇಕು. ಅಂದರೆ ಅಣ್ಣ ತಂಗಿಯ ಮೇಲೆ ಕ್ಲೇಮು ಹಾಕಬೇಕು.

‘ಅವಳ ಮೇಲೆ ನಾನು ಕ್ಲೇಮು ಹಾಕೋದಾ? ಅಮ್ಮನಿಗೆ ಏನಂತ ಹೇಳ್ಲಿ?’ ಎಂದರು ಅಣ್ಣ. ಕೆಲವು ವಾರ ಅವರು ಇದಕ್ಕೆ ಒಪ್ಪಲೇ ಇಲ್ಲ. ಆಸ್ಪತ್ರೆಯ ನೋಟಿಸುಗಳು ಬರುತ್ತಿದ್ದವು. ಅತ್ತ ತಂಗಿ ಇನ್ನೊಂದು ಹೆಜ್ಜೆ ಇಡಲು ಹೊರಟಿದ್ದರು. ಉಳಿತಾಯವನ್ನೆಲ್ಲ ತೆಗೆದು ಬಿಲ್ ಕಟ್ಟಿ, ‘ಎಲ್ಲ ನನ್ನ ತಪ್ಪೇ, ಪೂರ್ತಿ ನಾನೇ ಭರಿಸುತ್ತೇನೆ’ ಎಂದು ಅಣ್ಣನಿಗೂ ಆಸ್ಪತ್ರೆಗೂ ಬರೆಯುವುದು. ಮನುಷ್ಯರಾಗಿ ನೋಡಿದರೆ ಎಷ್ಟು ಒಳ್ಳೆಯ ಮನಸ್ಸು ಅದು. ಆದರೆ ಹೊಣೆಗಾರಿಕೆ ಪಾಲಿಸಿಗಳಲ್ಲಿ ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಹಣದ ಮಾತು ಕೊಡಬಾರದು ಎಂಬ ಷರತ್ತು ಸಾಮಾನ್ಯ. ಆ ಪತ್ರ ಹೋಗಿದ್ದರೆ ಕಂಪನಿಗೆ ಹಿಂದೆ ಸರಿಯಲು ಒಂದು ಕಾರಣ ಕೊಟ್ಟಂತಾಗುತ್ತಿತ್ತು.

ಕೊನೆಗೆ ಗಂಟು ಬಿಡಿಸಿದ್ದು ತಂಗಿಯ ಮಾತೇ. ‘ಅಣ್ಣ, ನಾನು ಪ್ರೀಮಿಯಂ ಕಟ್ಟಿದ್ದು ಇಂಥ ದಿನಕ್ಕೇ. ಹಿಂದಿನ ಸೀಟಲ್ಲೂ ಮುಂದಿನ ಸೀಟಲ್ಲೂ ಕೂತವರಿಗೆ ಏನಾದ್ರೂ ಆದ್ರೆ ಅಂತ. ನೀನು ಕೇಳದಿದ್ರೆ ಆ ದುಡ್ಡು ಯಾರಿಗೂ ಬರಲ್ಲ.’ ಅಣ್ಣ ಒಪ್ಪಿದರು. ಅವರಿಬ್ಬರೂ ಬೇರೆ ಬೇರೆ ಮನೆಗಳಲ್ಲಿ ವಾಸವಾಗಿದ್ದದ್ದನ್ನೂ ಕಂಪನಿ ಕೇಳಿ ಖಚಿತಪಡಿಸಿಕೊಂಡಿತು.

ತನಿಖಾಧಿಕಾರಿ ಮೊದಲು ಕೇಳಿದ್ದು ಪೈಲಟ್‌ನ ದಾಖಲೆಗಳನ್ನು. ಎಫ್‌ಎಎ ಪ್ರಮಾಣಪತ್ರ, ಮೂಲ ಪರವಾನಗಿ, ವೈದ್ಯಕೀಯ ಪ್ರಮಾಣಪತ್ರ, ಫ್ಲೈಟ್ ರಿವ್ಯೂ ಸಹಿ, 90 ದಿನಗಳ ಲೆಕ್ಕ. ಇದರಲ್ಲಿ ಒಂದು ಇಲ್ಲದಿದ್ದರೂ ‘ಅರ್ಹ ಪೈಲಟ್’ ಎಂಬ ಷರತ್ತು ಮುರಿಯುತ್ತಿತ್ತು. ಹಾರುವ ಮೊದಲು ಅವರು ತೂಕ ಮತ್ತು ಸಮತೋಲದ ಲೆಕ್ಕವನ್ನು ಕಾಗದದಲ್ಲಿ ಬರೆದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿದ್ದರು. ಮೂವರು ಮತ್ತು ಇಂಧನ ಸೇರಿ ತೂಕ ಮಿತಿಯೊಳಗೇ ಇತ್ತೆಂದು ತೋರಿಸಲು ಅದೇ ಆಧಾರವಾಯಿತು. ಮೂಲ ಕಾಗದ ವಿಮಾನದ ಜೊತೆಗೇ ಹೋಗಿತ್ತು.

ಅಪಘಾತದ ವರದಿಯೂ ಸಕಾಲಕ್ಕೆ ಹೋಗಿತ್ತು. ಅಮೆರಿಕದಲ್ಲಿ ಬೆರಳು, ಮೂಗಿನಂಥ ಸರಳ ಮುರಿತ ಬಿಟ್ಟು ಯಾವ ಮೂಳೆ ಮುರಿದರೂ ಅದು ಗಂಭೀರ ಗಾಯ. ಅಂಥ ಅಪಘಾತವನ್ನು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಗೆ ತಕ್ಷಣ ತಿಳಿಸಬೇಕು, 10 ದಿನಗಳೊಳಗೆ ಲಿಖಿತ ವರದಿ ಕೊಡಬೇಕು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಪೈಲಟ್ ಫ್ಲೈಯಿಂಗ್ ಸ್ಕೂಲ್‌ನ ನೆರವಿನಿಂದ ಅದನ್ನು ಮುಗಿಸಿದ್ದರು.

ಏನಾಯಿತು

ಆಸ್ಪತ್ರೆಯ ಬಿಲ್ಲನ್ನು ಮೊದಲು ಬಾಬ್ತುವಾರು ಬಿಡಿಸಿ ಕೇಳಿದೆವು. ಅದು ಲಾಭರಹಿತ ಆಸ್ಪತ್ರೆ. ಅಂಥವು ಹಣಕಾಸು ನೆರವಿನ ನೀತಿಯನ್ನು ಲಿಖಿತವಾಗಿ ಇಟ್ಟಿರಬೇಕೆಂದು ಅಮೆರಿಕದ ತೆರಿಗೆ ಕಾನೂನು ಹೇಳುತ್ತದೆ. ಅರ್ಜಿ ಹಾಕಿದ್ದರಿಂದ ಮೊತ್ತ ಗಣನೀಯವಾಗಿ ಇಳಿಯಿತು. ಇಳಿದ ಮೊತ್ತ ಮತ್ತು ಅಣ್ಣನ ಇತರ ನಷ್ಟ ಸೇರಿ ಪ್ರತಿ ಪ್ರಯಾಣಿಕರ ಮಿತಿಯೊಳಗೇ ರಾಜಿ ಆಯಿತು. ರಾಜಿಪತ್ರಕ್ಕೆ ಸಹಿ ಹಾಕುವ ಮೊದಲು ಅಣ್ಣ ತಮ್ಮದೇ ವಕೀಲರಿಗೆ ತೋರಿಸಿದರು. ಇದು ಅಗತ್ಯವಾಗಿತ್ತು. ವಿಮಾ ಕಂಪನಿಯ ಅಧಿಕಾರಿ ಎಷ್ಟೇ ಸೌಜನ್ಯದಿಂದಿದ್ದರೂ ಅವರು ಪೈಲಟ್‌ನ ಕಡೆಯವರು, ಪೆಟ್ಟಾದವರ ಕಡೆಯವರಲ್ಲ.

ವಿಮಾನಕ್ಕಾದ ಹಾನಿಯನ್ನು ಫ್ಲೈಯಿಂಗ್ ಸ್ಕೂಲ್‌ನ ವಿಮೆ ಮೊದಲು ಭರಿಸಿ, ಆಮೇಲೆ ಆ ಹಣವನ್ನು ಪೈಲಟ್‌ನಿಂದ ವಸೂಲು ಮಾಡಲು ಬಂತು. ರೆಂಟರ್ಸ್ ಪಾಲಿಸಿಯ ಬಾಡಿಗೆ ವಿಮಾನದ ಹಾನಿಯ ಭಾಗ ಅದನ್ನು ಹೊತ್ತಿತು. ಆ ಭಾಗ ಐಚ್ಛಿಕವಾಗಿತ್ತು. ಫ್ಲೈಯಿಂಗ್ ಸ್ಕೂಲ್‌ನ ವಿಮಾ ಕಂಪನಿ ವಸೂಲಿ ಹಕ್ಕನ್ನು ಬಿಟ್ಟುಕೊಟ್ಟಿದೆಯೇ ಎಂದು ಪೈಲಟ್ ಮೊದಲೇ ಕೇಳಿ, ಇಲ್ಲವೆಂದು ತಿಳಿದ ಮೇಲೆ ಅದನ್ನು ಕೊಂಡಿದ್ದರು.

ಪೈಲಟ್‌ನ ಸ್ವಂತ ಚಿಕಿತ್ಸೆಗೆ ಯಾವ ಪಾಲಿಸಿಯಿಂದಲೂ ಹಣ ಬರಲಿಲ್ಲ. ಸ್ಕ್ಯಾನ್, ಹೊಲಿಗೆ, ಆಂಬುಲೆನ್ಸ್, ಎಲ್ಲವನ್ನೂ ಕೈಯಿಂದ ಕಟ್ಟಿದರು. ಬೇರೆಯವರನ್ನು ಕಾಪಾಡಲು ಅಷ್ಟೆಲ್ಲ ಯೋಚಿಸಿದವರು ತಮ್ಮ ಮೈಗೆ ವಿಮೆಯಿಲ್ಲದೆ ಹಾರಿದ್ದರು. ಈ ಪ್ರಕರಣದಲ್ಲಿ ನನಗೆ ಇಂದಿಗೂ ನೋವು ಕೊಡುವುದು ಇದು. ಪೆಟ್ಟು ಅವರಿಗೆ ಹೆಚ್ಚಾಗಿದ್ದರೆ ಯಾವ ದಾರಿಯೂ ಇರುತ್ತಿರಲಿಲ್ಲ, ಏಕೆಂದರೆ ತನ್ನ ಮೇಲೆ ತಾನೇ ಹೊಣೆಗಾರಿಕೆಯ ಕ್ಲೇಮು ಹಾಕಲು ಆಗುವುದಿಲ್ಲ.

ಈ ಪ್ರಕರಣ ಕಲಿಸಿದ್ದು

ಪ್ರವಾಸ ವಿಮೆಯವರಿಗೆ ‘ಹಾರಾಟ’ ಎಂಬ ಒಂದೇ ಪದ ಹಾಕಿ ಪ್ರಶ್ನೆ ಕೇಳಿದರೆ ಉಪಯೋಗವಿಲ್ಲ. ಪ್ಯಾರಾಗ್ಲೈಡಿಂಗ್, ಗ್ಲೈಡರ್, ಮೈಕ್ರೊಲೈಟ್, ಬಿಸಿಗಾಳಿ ಬಲೂನ್, ಸೆಸ್ನಾ ಎಲ್ಲವೂ ಬೇರೆ ಬೇರೆ ಸಾಲುಗಳಲ್ಲಿ ಇರುತ್ತವೆ. ಒಂದೇ ಸಾಲಿನಲ್ಲೂ ಹಾರಿಸುವವರು ಮತ್ತು ಕೂರುವವರು ಬೇರೆ. ಗೆಳತಿಯ ಇಮೇಲ್ ಗೆದ್ದದ್ದು ಅದರಲ್ಲಿ ಐದು ವಿಷಯ ಇದ್ದುದರಿಂದ: ಯಾವ ವಿಮಾನ, ಯಾರು ಹಾರಿಸುತ್ತಾರೆ, ನಾನು ಯಾವ ಸೀಟಿನಲ್ಲಿ, ಹಣದ ವ್ಯವಹಾರ ಏನು, ಪಾಲಿಸಿಯ ಯಾವ ಯಾವ ಭಾಗ. ‘ವಿಮೆ ಇದೆ’ ಎಂಬ ಉತ್ತರ ಬಂದರೂ ಅದು ಚಿಕಿತ್ಸೆಗೆ ಮಾತ್ರವೋ, ವೈಯಕ್ತಿಕ ಅಪಘಾತ ಮತ್ತು ಹೊಣೆಗಾರಿಕೆಗೂ ಸೇರಿಯೋ ಎಂದು ಮುಂದುವರಿಸಿ ಕೇಳಬೇಕು. ಪ್ರವಾಸ ವಿಮೆಯ ಹೊಣೆಗಾರಿಕೆ ಭಾಗ ವಿಮಾನದ ಬಳಕೆಯನ್ನು ಸಾಮಾನ್ಯವಾಗಿ ಹೊರಗಿಡುತ್ತದೆ, ಸಾಹಸ ಪ್ಯಾಕ್ ಇದ್ದರೂ.

ಪ್ರಯಾಣಿಕರ ವಿಮೆಯ ಬಗ್ಗೆ ಪೈಲಟ್ ಮೌನವಾಗಿರಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಜೊತೆಗೆ ಕೂರುವವರಿಗೆ ಸುರಕ್ಷತೆಯ ಸೂಚನೆ ಕೊಡುವಷ್ಟೇ ಸಹಜವಾಗಿ ‘ನಿಮ್ಮ ಪಾಲಿಸಿ ಇದನ್ನು ಒಪ್ಪುತ್ತದೆಯೇ ಕೇಳಿ ಬನ್ನಿ’ ಎಂದು ಹೇಳಬೇಕು. ಅಣ್ಣನಿಗೆ ಆ ಮಾತು ಯಾರೂ ಹೇಳಿರಲಿಲ್ಲ.

ದೇಶ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಅಮೆರಿಕದಲ್ಲಿ ಖಾಸಗಿ ವಿಮಾನಕ್ಕೆ ಹೊಣೆಗಾರಿಕೆ ವಿಮೆ ಇರಲೇಬೇಕೆಂಬ ಕೇಂದ್ರ ಕಾನೂನು ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 785/2004 ಎಂಬ ನಿಯಮ ಪ್ರಯಾಣಿಕರ ಹೊಣೆಗೂ ಮೂರನೆಯವರ ಹೊಣೆಗೂ ಕನಿಷ್ಠ ವಿಮೆಯನ್ನು ಕಡ್ಡಾಯ ಮಾಡಿದೆ. 2,700 ಕಿಲೋಗ್ರಾಂವರೆಗಿನ ವಿಮಾನಗಳ ವಾಣಿಜ್ಯೇತರ ಹಾರಾಟಕ್ಕೆ ಸದಸ್ಯ ದೇಶಗಳು ಪ್ರಯಾಣಿಕರ ಮಿತಿಯನ್ನು ಇಳಿಸಬಹುದು, ಆದರೆ ತಲಾ 1,00,000 ಎಸ್‌ಡಿಆರ್‌ಗಿಂತ ಕೆಳಗಲ್ಲ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ನ್ಯೂಜಿಲೆಂಡ್‌ನಲ್ಲಿ ಅಪಘಾತದ ಗಾಯಕ್ಕೆ ಎಸಿಸಿ ಎಂಬ ಸಾರ್ವಜನಿಕ ಯೋಜನೆ ಪ್ರವಾಸಿಗರ ಚಿಕಿತ್ಸೆಗೂ ನೆರವಾಗುತ್ತದೆ, ಆದರೆ ಊರಿಗೆ ಮರಳಿ ಕರೆತರುವ ವೆಚ್ಚ ಅದರಲ್ಲಿ ಬರುವುದಿಲ್ಲ. ಹೀಗಾಗಿ ಹೋಗುವ ದೇಶದಲ್ಲಿ ಏನು ಕಡ್ಡಾಯ, ಏನಿಲ್ಲ ಎಂದು ತಿಳಿದ ಮೇಲೆಯೇ ಬೇರೆ ಪಾಲಿಸಿ ಎಷ್ಟು ಬೇಕೆಂದು ತೀರ್ಮಾನಿಸಬಹುದು.

ಹಣ ಹಂಚಿಕೊಳ್ಳುವಾಗ ಬಿಲ್ ಬಂದ ಮೇಲೆ ಸಮವಾಗಿ ಭಾಗಿಸಿ, ಬಿಲ್ಲಿನ ಚಿತ್ರದ ಜೊತೆ ಕಳುಹಿಸುವುದು ಒಳ್ಳೆಯದು. ಮುಂಗಡವಾಗಿ ದುಂಡು ಮೊತ್ತ ಪಡೆದರೆ, ಬಿಲ್ ಕಡಿಮೆ ಬಂದಾಗ ಪೈಲಟ್‌ನ ಪಾಲು ಗೊತ್ತಿಲ್ಲದೆಯೇ ಸಮಪಾಲಿಗಿಂತ ಕೆಳಗೆ ಇಳಿಯಬಹುದು.

ಪೈಲಟ್‌ಗಳಿಗೆ ಇನ್ನೊಂದು ಮಾತು. ನಿಮ್ಮ ದೇಹಕ್ಕೆ ಪೈಲಟ್ ಆಗಿಯೂ ಅನ್ವಯಿಸುವ ವಿಮೆ ಬೇಕೇ ಬೇಕು. ಹೊಣೆಗಾರಿಕೆ ಪಾಲಿಸಿಯ ಚಿಕಿತ್ಸಾ ಭಾಗವನ್ನು ಚಾಲಕರನ್ನೂ ಸೇರಿಸಿದ ರೂಪದಲ್ಲಿ ಕೇಳಿ, ಅದರ ಮೊತ್ತ ಸಣ್ಣದೆಂಬುದನ್ನು ನೆನಪಿಡಿ. ಉಳಿದದ್ದಕ್ಕೆ, ಖಾಸಗಿ ಪೈಲಟ್ ಆಗಿ ಹಾರಿಸುವುದನ್ನು ಹೆಸರಿಟ್ಟು ಒಪ್ಪುವ ವಿಶೇಷ ಪಾಲಿಸಿಯನ್ನು ಹುಡುಕಬೇಕು. ಇಂಥವು ಸಾಮಾನ್ಯ ಪ್ರವಾಸ ವಿಮೆ ಮಾರುವವರಲ್ಲಿ ಸಿಗುವುದು ಅಪರೂಪ, ವಿಮಾನ ವಿಮೆಯ ಬ್ರೋಕರ್‌ಗಳಲ್ಲಿ ವಿಚಾರಿಸಬೇಕು. ಪ್ರವಾಸದ ದಿನ ಹತ್ತಿರ ಬಂದಾಗ ಇದಕ್ಕೆ ಸಮಯ ಸಾಲದು. ಎಫ್‌ಎಎಗೆ ಪರವಾನಗಿ ದೃಢೀಕರಣದ ಅರ್ಜಿ ಹಾಕುವ ದಿನವೇ ವಿಮೆಯ ಪ್ರಶ್ನೆಯನ್ನೂ ಬರೆದು ಕಳುಹಿಸಿದರೆ ಎರಡರ ಉತ್ತರವೂ ಹೊರಡುವ ಮೊದಲು ಕೈಯಲ್ಲಿರುತ್ತದೆ. ಈ ಪ್ರಕರಣದ ಪೈಲಟ್ ಮುಂದಿನ ಸಲ ಹೋಗುವಾಗ ಹಾಗೆಯೇ ಮಾಡಿದರು. ಅಣ್ಣನೂ ತಮ್ಮ ಹೆಸರಿನಲ್ಲಿ ಅದೇ ಐದು ವಿಷಯಗಳ ಇಮೇಲ್ ಬರೆದರು. ಅವರು ಮೊದಲು ಕೇಳಿದ ಕಂಪನಿ ಇಲ್ಲವೆಂದಿತು, ಎರಡನೆಯದು ಚಿಕಿತ್ಸೆ ಮತ್ತು ಮರಳಿ ಕರೆತರುವ ವೆಚ್ಚಕ್ಕೆ ಒಪ್ಪಿತು.